ಸುಲಿಯುವ ಕೈ ಎಣಿಸಿ ಬಟಾಣಿ ಬಿತ್ತಿ

ಅಡಿಕೆ ಸುಲಿತದ ಲೆಕ್ಕ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಎಷ್ಟು ಗೊನೆ ಇಳಿಯಿತು, ಎಷ್ಟು ಜನ ಮೆಟ್ಟುಗತ್ತಿ ಹಾಕಿ ಕೂತರು, ಯಾರಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ಪುಸ್ತಕದಲ್ಲಿ ಬರೆದಿರುತ್ತದೆ. ಕಾಫಿ ಕೊಯ್ಲಿನ ಕೂಲಿಯೂ ಹಾಗೆಯೇ, ತೂಕ ಮಾಡಿ ಬರೆದ ಲೆಕ್ಕ. ಆದರೆ ಅದೇ ಮನೆಯ ಜಗಲಿಯ ಇನ್ನೊಂದು ತುದಿಯಲ್ಲಿ ಮೊರ ಇಟ್ಟುಕೊಂಡು ಬಟಾಣಿ, ಅವರೆ, ತೊಗರಿ ಸುಲಿಯುವ ಕೈಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಬರೆದಿಡದ ಈ ಲೆಕ್ಕದಿಂದಲೇ ನಾವು ಒಂದು ವರ್ಷ ಪೆಟ್ಟು ತಿಂದೆವು. ಆ ಪೆಟ್ಟಿನಿಂದ ಕಲಿತದ್ದನ್ನು ಸದಸ್ಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಅಡಿಕೆ ಧಾರಣೆ ಇಳಿದಿದ್ದಾಗ, ತರಕಾರಿಯಿಂದಾದರೂ ಕೈಖರ್ಚು ಹುಟ್ಟಲಿ ಎಂದು ಮನೆಯ ಹಿಂದಿನ ಹತ್ತು ಗುಂಟೆ ಜಾಗದಲ್ಲಿ ಬಟಾಣಿ ಹಾಕಿದೆವು. ನವೆಂಬರ್ ಮಧ್ಯದಲ್ಲಿ ಹತ್ತೂ ಗುಂಟೆಯನ್ನು ಒಂದೇ ದಿನ ಬಿತ್ತಿದೆವು. ಬೆಳೆ ಚೆನ್ನಾಗಿಯೇ ಬಂತು. ಜನವರಿ ಮಧ್ಯದಲ್ಲಿ ಕಾಯಿ ತುಂಬಿದಾಗ ನೋಡಿದವರೆಲ್ಲ ಹೊಗಳಿದರು. ತೊಂದರೆ ಶುರುವಾದದ್ದು ಆಮೇಲೆ. ಕಾಯಿ ಎಲ್ಲವೂ ಒಟ್ಟಿಗೇ ಬಲಿತವು. ಆಗಲೇ ಕಾಫಿಯ ಕೊನೆಯ ಕೊಯ್ಲು, ಅಂಗಳದ ತುಂಬ ಹರಡಿದ ಹಣ್ಣು, ರಾತ್ರಿ ಅಡಿಕೆ ಸುಲಿತ. ಆಳು ಒಬ್ಬರೂ ಸಿಗಲಿಲ್ಲ. ಪೇಟೆಗೆ ಒಯ್ದ ಮೊದಲ ನಾಲ್ಕು ಚೀಲಕ್ಕೆ ಜೀಪಿನ ಬಾಡಿಗೆಯೂ ಹುಟ್ಟಲಿಲ್ಲ; ಅದೇ ವಾರ ಬಯಲುಸೀಮೆಯಿಂದ ಲಾರಿಗಟ್ಟಲೆ ಕಾಯಿ ಬಂದಿತ್ತು. ಉಳಿದದ್ದನ್ನು ಸುಲಿದಾದರೂ ಇಟ್ಟುಕೊಳ್ಳೋಣವೆಂದು ಮನೆಯ ಹೆಂಗಸರು ರಾತ್ರಿ ಹನ್ನೊಂದರವರೆಗೆ ಕೂತರು. ಮೂರನೆಯ ದಿನಕ್ಕೆ ಹೆಬ್ಬೆರಳಿನ ಉಗುರು ಸಂದಿ ಬಾತುಕೊಂಡಿತು. ಅರ್ಧಕ್ಕಿಂತ ಹೆಚ್ಚು ಕಾಯಿ ಬಳ್ಳಿಯಲ್ಲೇ ಹಳದಿಯಾಗಿ ಗಟ್ಟಿಯಾದವು.

ನಮ್ಮ ತಾಯಿಯವರು ಆಗ ಹೇಳಿದ ಮಾತು ಒಂದೇ: "ಬಿತ್ತುವ ಮೊದಲು ನೀರು ನೋಡಿದಿರಿ, ಗೊಬ್ಬರ ನೋಡಿದಿರಿ, ಧಾರಣೆಯನ್ನೂ ವಿಚಾರಿಸಿದಿರಿ. ಸುಲಿಯುವವರನ್ನು ಮಾತ್ರ ಒಂದು ಮಾತು ಕೇಳಲಿಲ್ಲ."

ಅಂದಿನಿಂದ ನಮ್ಮಲ್ಲಿ ಕಾಳಿನ ಬೆಳೆಯನ್ನು ಗುಂಟೆಯಿಂದ ಅಳೆಯುವುದಿಲ್ಲ, ಕೈಯಿಂದ ಅಳೆಯುತ್ತೇವೆ.

ಬಟಾಣಿಯಲ್ಲಿ ಎಷ್ಟು ಬಗೆ?

ಬಟಾಣಿ ಎಂದು ನಾವು ಒಂದೇ ಹೆಸರಿನಿಂದ ಕರೆದರೂ ಅದರಲ್ಲಿ ಮೂರು ಬಗೆಗಳಿವೆ. ಯಾವುದು ಯಾವುದಕ್ಕೆ ಎಂಬುದು ಗೊತ್ತಿಲ್ಲದೆ ಬೀಜ ತಂದರೆ ಶ್ರಮವೆಲ್ಲ ವ್ಯರ್ಥ.

ಮೊದಲನೆಯದು ಒಣಕಾಳಿನ ಬಟಾಣಿ. ಅಂಗಡಿಯಲ್ಲಿ ಬಿಳಿಯದು, ಹಸಿರು ಬಣ್ಣದ್ದು ಎಂದು ಸಿಗುವುದು ಇದೇ. ಒಣಗಿದಾಗ ಕಾಳು ಗುಂಡಗೆ, ನುಣ್ಣಗೆ ಇರುತ್ತದೆ. ಹಿಟ್ಟಿನಂಶ ಹೆಚ್ಚು, ಸಿಹಿ ಕಡಿಮೆ. ನೆನೆಸಿ ಬೇಯಿಸುವುದಕ್ಕೆ, ಹುರಿಯುವುದಕ್ಕೆ ಒಳ್ಳೆಯದು.

ಎರಡನೆಯದು ಹಸಿಕಾಳಿನ ತೋಟದ ಬಟಾಣಿ. ಇದರ ಬೀಜ ಒಣಗಿದಾಗ ಸುಕ್ಕುಗಟ್ಟುತ್ತದೆ. ಸುಕ್ಕು ನೋಡಿ ಬೀಜ ಕೆಟ್ಟಿದೆ ಎಂದು ಹಿಂದಿರುಗಿಸಿದವರನ್ನು ನಾವು ಕಂಡಿದ್ದೇವೆ. ನಿಜಕ್ಕೂ ಆ ಸುಕ್ಕೇ ಸಿಹಿಯ ಗುರುತು. ನಮ್ಮ ದೇಶದಲ್ಲಿ ಬಹುಕಾಲದಿಂದ ಹೆಸರಾದ ಅರ್ಕೆಲ್ ಮತ್ತು ಬಾನ್‌ವಿಲ್ ಎರಡೂ ಈ ಜಾತಿಯವು. ಅರ್ಕೆಲ್ ಗಿಡ್ಡ ಗಿಡ, ಬಿತ್ತಿದ ಎರಡು ತಿಂಗಳ ಹೊತ್ತಿಗೆ ಮೊದಲ ಕೊಯ್ಲು ಕೊಡುತ್ತದೆ. ಬಾನ್‌ವಿಲ್ ಎತ್ತರಕ್ಕೆ ಹೋಗುತ್ತದೆ, ಮೂರು ವಾರ ಹೆಚ್ಚು ತೆಗೆದುಕೊಳ್ಳುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅಜಿತ್ ಎಂಬ ತಳಿಗೆ ಬೂದಿ ರೋಗ ಮತ್ತು ತುಕ್ಕು ರೋಗಗಳನ್ನು ತಡೆಯುವ ಶಕ್ತಿಯಿದೆ. ಇಬ್ಬನಿ ಹೆಚ್ಚಿರುವ ನಮ್ಮ ಕಡೆಗೆ ಇದು ಸಣ್ಣ ಅನುಕೂಲವಲ್ಲ.

ಮೂರನೆಯದು ಸಿಪ್ಪೆಸಮೇತ ತಿನ್ನುವ ಬಟಾಣಿ. ಸಾಮಾನ್ಯ ಬಟಾಣಿ ಕಾಯಿಯ ಸಿಪ್ಪೆಯ ಒಳಮೈಯಲ್ಲಿ ಗಟ್ಟಿ ಕಾಗದದಂಥ ಒಂದು ಪೊರೆ ಇರುತ್ತದೆ. ಎಷ್ಟು ಬೇಯಿಸಿದರೂ ಅದು ಮೆತ್ತಗಾಗದು, ನಾರಿನಂತೆ ಬಾಯಿಗೆ ಸಿಗುತ್ತದೆ. ಸಿಪ್ಪೆಸಮೇತ ತಿನ್ನುವ ಜಾತಿಗಳಲ್ಲಿ ಈ ಪೊರೆ ಬೆಳೆಯುವುದಿಲ್ಲ. ಇವುಗಳಲ್ಲೂ ಎರಡು ವಿಧ. ಒಂದು ಚಪ್ಪಟೆಯದು, ಕಾಳು ಮೂಡುವ ಮೊದಲೇ ಕೊಯ್ಯಬೇಕು. ಇನ್ನೊಂದು ಶುಗರ್ ಸ್ನ್ಯಾಪ್ ಎಂಬ ದಪ್ಪ ಸಿಪ್ಪೆಯದು; ಅಮೆರಿಕದ ಕ್ಯಾಲ್ವಿನ್ ಲ್ಯಾಂಬೋರ್ನ್ ಎಂಬ ತಳಿತಜ್ಞರು ಬೆಳೆಸಿದ ಇದು 1979ರಲ್ಲಿ ಬಳಕೆಗೆ ಬಂತು. ಕಾಳು ತುಂಬಿದ ಮೇಲೂ ಇದರ ಸಿಪ್ಪೆ ಎಳೆಯದಾಗಿಯೇ ಇರುತ್ತದೆ. ಸುಲಿಯುವ ಕೈ ಕಡಿಮೆಯಿರುವ ಮನೆಗೆ ಇದರಷ್ಟು ಒಳ್ಳೆಯ ಬಟಾಣಿ ಇನ್ನೊಂದಿಲ್ಲ. ತೊಟ್ಟು ಮುರಿದು ಅಂಚಿನ ನಾರು ಎಳೆದರೆ ಕೆಲಸ ಮುಗಿಯಿತು.

ಸುಕ್ಕಿಗೂ ಸಿಹಿಗೂ ಏನು ಸಂಬಂಧ?

ಬಟಾಣಿ ಕಾಳಿನೊಳಗೆ ಸಕ್ಕರೆ ಬಂದು ಸೇರುತ್ತದೆ, ಕಾಳು ಬಲಿತಂತೆ ಅದು ಹಿಟ್ಟಾಗಿ ಮಾರ್ಪಡುತ್ತದೆ. ಗುಂಡು ಕಾಳಿನಲ್ಲಿ ಈ ಕೆಲಸ ಪೂರ್ತಿ ನಡೆಯುತ್ತದೆ. ಸುಕ್ಕು ಜಾತಿಯಲ್ಲಿ ಹಿಟ್ಟು ಕಟ್ಟುವ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಆದ್ದರಿಂದ ಸಕ್ಕರೆ ಹೆಚ್ಚು ಉಳಿಯುತ್ತದೆ, ಸಕ್ಕರೆಯ ಜೊತೆಗೆ ಕಾಳು ನೀರನ್ನೂ ಹೆಚ್ಚು ಹಿಡಿದುಕೊಳ್ಳುತ್ತದೆ. ಒಣಗುವಾಗ ಆ ನೀರು ಹೋಗಿ ಕಾಳು ಕುಗ್ಗುತ್ತದೆ. ಇದೇ ಸುಕ್ಕು.

ಗ್ರೆಗರ್ ಮೆಂಡೆಲ್ ಎಂಬ ಪಾದ್ರಿ ಈಗಿನ ಚೆಕ್ ದೇಶದ ಬರ್ನೊ ಊರಿನ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಬಟಾಣಿ ಬೆಳೆಸಿ ವಂಶಗುಣದ ನಿಯಮಗಳನ್ನು ಕಂಡುಕೊಂಡದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಗುಂಡು ಜಾತಿಗೂ ಸುಕ್ಕು ಜಾತಿಗೂ ಕೂಡಿಸಿ, ಎರಡನೆಯ ಪೀಳಿಗೆಯಲ್ಲಿ ಬಂದ 7,324 ಕಾಳುಗಳನ್ನು ಅವರು ಒಂದೊಂದಾಗಿ ಎಣಿಸಿದರು. 5,474 ಗುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಆ ಸುಕ್ಕಿನ ಹಿಂದಿನ ಕಾರಣವನ್ನು ವಂಶವಾಹಿಯ ಮಟ್ಟದಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟದ್ದು 1990ರಲ್ಲಿ. ಏಳು ಸಾವಿರ ಕಾಳನ್ನು ಎಣಿಸಬೇಕಾದರೆ ಮೊದಲು ಸುಲಿಯಲೇಬೇಕಲ್ಲ ಎಂದು ನಮ್ಮ ಮನೆಯಲ್ಲಿ ಈ ಕಥೆ ಕೇಳಿದವರು ನಕ್ಕರು.

ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು. ಕೊಯ್ದ ಮೇಲೂ ಕಾಳಿನೊಳಗೆ ಸಕ್ಕರೆ ಕರಗುತ್ತಲೇ ಇರುತ್ತದೆ, ಸೆಕೆಯಿದ್ದಷ್ಟೂ ಬೇಗ. ಬೆಳಿಗ್ಗೆ ಕೊಯ್ದ ಬಟಾಣಿ ಮಧ್ಯಾಹ್ನದ ಊಟಕ್ಕೆ ಇರುವಂತೆ ಮರುದಿನ ಇರುವುದಿಲ್ಲ. ಲಾರಿಯಲ್ಲಿ ಎರಡು ದಿನ ಪ್ರಯಾಣ ಮಾಡಿದ ಕಾಯಿಗೆ ಆ ರುಚಿ ಎಲ್ಲಿಂದ ಬರಬೇಕು? ಹಿತ್ತಿಲಲ್ಲಿ ಬೆಳೆದವನಿಗೆ ಮಾತ್ರ ಸಿಗುವ ರುಚಿ ಇದು. ಆದರೆ ಅದು ಸಿಗಬೇಕಾದರೆ ಕೊಯ್ದ ದಿನವೇ ಸುಲಿಯಲು ಕೈ ಬಿಡುವಾಗಿರಬೇಕು.

ಮಲೆನಾಡಿನಲ್ಲಿ ಬಿತ್ತನೆ

ಬಟಾಣಿ ಚಳಿಯ ಬೆಳೆ. ಹಗಲಿನ ಬಿಸಿಲು 30 ಡಿಗ್ರಿ ದಾಟಿದರೆ ಹೂವು ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಮಳೆ ಪೂರ್ತಿ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ನಮಗೆ ಹದ. ಡಿಸೆಂಬರ್ ದಾಟಿದರೆ ಹೂವು ಬಿಸಿಲಿಗೆ ಸಿಕ್ಕಿಬೀಳುತ್ತದೆ. ಕಾಫಿ, ಅಡಿಕೆಯ ನೆರಳಿನಲ್ಲಿ ಬಟಾಣಿ ಬಾರದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಹಿತ್ತಿಲು, ಕಣದ ಅಂಚು, ಹೊಸದಾಗಿ ಬಿಡಿಸಿದ ಜಾಗ ಆರಿಸಿಕೊಳ್ಳಬೇಕು.

ನಮ್ಮ ಮಣ್ಣಿನ ದೊಡ್ಡ ದೋಷ ಹುಳಿ. ತುಂಬ ಹುಳಿಮಣ್ಣಿನಲ್ಲಿ ಬಟಾಣಿಯ ಬೇರಿನ ಗಂಟುಗಳು ಸರಿಯಾಗಿ ಕಟ್ಟುವುದಿಲ್ಲ. ಗಾಳಿಯ ಸಾರಜನಕವನ್ನು ಹಿಡಿಯುವ ರೈಜೋಬಿಯಂ ಸೂಕ್ಷ್ಮಜೀವಿಗಳ ಮನೆಯೇ ಆ ಗಂಟು. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ಹೇಳಿದಷ್ಟು ಸುಣ್ಣವನ್ನು ಬಿತ್ತುವ ಮೂರು ವಾರ ಮೊದಲೇ ಸೇರಿಸಿ. ಬಟಾಣಿಗೆಂದೇ ತಯಾರಿಸಿದ ರೈಜೋಬಿಯಂ ಪೊಟ್ಟಣ ಸಿಕ್ಕರೆ ಬೆಲ್ಲದ ಅಂಟುನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಿನಲ್ಲಿ ಆರಿಸಿ ಬಿತ್ತಬಹುದು. ಕೆಲಸ ಮಾಡುತ್ತಿರುವ ಗಂಟನ್ನು ಸೀಳಿದರೆ ಒಳಗೆ ತಿಳಿಗೆಂಪು ಕಾಣುತ್ತದೆ. ಯೂರಿಯ ಮಾತ್ರ ಕೊಡಬೇಡಿ. ಸೊಪ್ಪು ಬರುತ್ತದೆ, ಕಾಯಿ ಬರುವುದಿಲ್ಲ. ಹಳೆಯ ಕೊಟ್ಟಿಗೆ ಗೊಬ್ಬರ, ಬೂದಿ ಸಾಕು.

ನೀರು ನಿಲ್ಲದಂತೆ ಏರುಮಡಿ ಮಾಡಿ. ಸಾಲಿನಿಂದ ಸಾಲಿಗೆ ಒಂದು ಅಡಿ, ಕಾಳಿನಿಂದ ಕಾಳಿಗೆ ಮೂರರಿಂದ ನಾಲ್ಕು ಅಂಗುಲ, ಒಂದೂವರೆ ಅಂಗುಲ ಆಳ. ಗುಂಟೆಗೆ ಮುಕ್ಕಾಲರಿಂದ ಒಂದು ಕಿಲೋ ಬೀಜ ಹಿಡಿಯುತ್ತದೆ. ಬಿತ್ತಿದ ಮೊದಲ ಹತ್ತು ದಿನ ನವಿಲಿನ ಕಾವಲು ಮುಖ್ಯ. ಮುಳ್ಳಿನ ಕೊಂಬೆ ಹರಡಿದರೆ ಸ್ವಲ್ಪ ತಡೆಯುತ್ತದೆ. ಗಿಡ ಒಂದು ಗೇಣು ಆದಾಗ ಆಸರೆ ಕೊಡಿ. ಇದಕ್ಕೆ ಕಾಫಿ ಕಸಿಯಲ್ಲಿ ತೆಗೆದ ಕವಲುಕಡ್ಡಿಗಿಂತ ಒಳ್ಳೆಯದಿಲ್ಲ. ಬಳ್ಳಿಯ ತುದಿಯ ಹಂಬುಗಳು ಸಣ್ಣ ಕವಲನ್ನು ತಾವೇ ಹುಡುಕಿ ಸುತ್ತಿಕೊಳ್ಳುತ್ತವೆ. ಎತ್ತರದ ಜಾತಿಗೆ ಅಡಿಕೆ ದಬ್ಬೆ ನೆಟ್ಟು ಹಗ್ಗ ಎಳೆಯಬಹುದು.

ಹೂವು ಬಿಡುವಾಗ ಮತ್ತು ಕಾಯಿ ತುಂಬುವಾಗ ನೀರು ತಪ್ಪಬಾರದು. ಎಲೆಯ ಮೇಲೆ ಬಿಳಿ ಪುಡಿ ಕಂಡರೆ ಬೂದಿ ರೋಗ. ಆರಂಭದಲ್ಲೇ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಪ್ರಮಾಣದಲ್ಲಿ ಬಿಸಿಲಿಳಿದ ಮೇಲೆ ಸಿಂಪಡಿಸಿ. ಕಾಯಿ ಕೊರಕಕ್ಕೆ ಬೇವಿನ ಬೀಜದ ಕಷಾಯ ಸಾಕು. ಮೂರು ದಿನಕ್ಕೊಮ್ಮೆ ಕೊಯ್ದು ಅಂದೇ ತಿನ್ನುವ ಬೆಳೆ ಇದು. ಕಾಯಿ ಬಂದ ಮೇಲೆ ಕೀಟನಾಶಕದ ಡಬ್ಬಿಯನ್ನು ಮುಟ್ಟದಿರುವುದೇ ಕ್ಷೇಮ. ಕಾಯಿ ಮುಗಿದ ಮೇಲೆ ಬಳ್ಳಿಯನ್ನು ಕೀಳದೆ ನೆಲಮಟ್ಟಕ್ಕೆ ಕೊಯ್ದರೆ ಬೇರು ಮಣ್ಣಿನಲ್ಲೇ ಉಳಿದು ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಬಳ್ಳಿ ಹಸುವಿಗೆ ಒಳ್ಳೆಯ ಮೇವು.

ಕೈಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಪೆಟ್ಟು ತಿಂದ ಮರುವರ್ಷ ನಾವು ಗಡಿಯಾರ, ತಕ್ಕಡಿ ಎರಡನ್ನೂ ಜಗಲಿಗೆ ತಂದಿಟ್ಟು ಲೆಕ್ಕ ಹಾಕಿದೆವು. ನಮ್ಮ ಮನೆಯ ಲೆಕ್ಕ ಇದು. ನಿಮ್ಮ ಮನೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ರೂಢಿಯಿರುವ ಒಬ್ಬರು ಒಂದು ಗಂಟೆಯಲ್ಲಿ ಸುಮಾರು ಎರಡೂವರೆ ಕಿಲೋ ಬಟಾಣಿ ಕಾಯಿ ಸುಲಿದರು. ಅದರಿಂದ ಬಂದ ಕಾಳು ಒಂದು ಕಿಲೋಕ್ಕಿಂತ ತುಸು ಹೆಚ್ಚು. ಅವರೆಯಾದರೆ ಗಂಟೆಗೆ ಎರಡು ಕಿಲೋ ಕಾಯಿ. ಹಸಿ ತೊಗರಿ ಒಂದೂಕಾಲು ಕಿಲೋ ದಾಟಲಿಲ್ಲ. ನಮ್ಮಲ್ಲಿ ಗುಂಟೆಗೆ 60 ಕಿಲೋ ಬಟಾಣಿ ಕಾಯಿ ಮೂರು ಕೊಯ್ಲಿನಲ್ಲಿ ಬರುತ್ತದೆ. ಎಂದರೆ ಒಂದು ಗುಂಟೆಗೆ 24 ಗಂಟೆಯ ಸುಲಿತ. ಹತ್ತು ಗುಂಟೆಗೆ 240 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಕೂತರೂ ಒಬ್ಬರಿಗೆ ಒಂದು ತಿಂಗಳ ಕೆಲಸ. ಅದನ್ನು ನಾವು ಅಡುಗೆ, ಹಟ್ಟಿ, ಕಾಫಿ, ಅಡಿಕೆ ಇವೆಲ್ಲದರ ನಡುವೆ ಹತ್ತು ದಿನದಲ್ಲಿ ಮುಗಿಸಿ ಎಂದು ಮನೆಯವರ ತಲೆಯ ಮೇಲೆ ಹೊರಿಸಿದ್ದೆವು. ಅಡಿಕೆ ಸುಲಿಯಲು ಬಂದವರ ಮೇಲೆ ಹೀಗೆ ಹೊರಿಸುವ ಧೈರ್ಯ ನಮಗೆ ಆಗುತ್ತಿತ್ತೇ?

ಈಗ ಒಂದು ಗುಂಟೆ ಮಾತ್ರ ಬಟಾಣಿಗೆ. ಅದನ್ನೂ ನಾಲ್ಕು ಪಾಲು ಮಾಡಿ ಹತ್ತು ದಿನಕ್ಕೊಂದು ಪಾಲು ಬಿತ್ತುತ್ತೇವೆ. ಒಂದು ಪಾಲಿನಿಂದ ಒಂದು ಕೊಯ್ಲಿಗೆ ಸಿಗುವುದು ಐದು ಕಿಲೋ ಕಾಯಿ, ಎರಡು ಗಂಟೆಯ ಸುಲಿತ. ಇಬ್ಬರು ಕೂತರೆ ಒಂದು ಗಂಟೆ. ನಾಲ್ಕರಲ್ಲಿ ಒಂದು ಪಾಲು ಸಿಪ್ಪೆಸಮೇತ ತಿನ್ನುವ ಜಾತಿ. ಅದಕ್ಕೆ ಸುಲಿತವೇ ಇಲ್ಲ. ಹೀಗೆ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಆರಂಭದವರೆಗೆ ಐದು ಜನರ ಮನೆಗೆ ಬಟಾಣಿ ತಪ್ಪುವುದಿಲ್ಲ, ಬಂದವರ ಕೈಗೂ ಒಂದಷ್ಟು ಕೊಟ್ಟು ಕಳಿಸಬಹುದು. ಇನ್ನೊಂದು ಕಟ್ಟುಪಾಡೂ ಮಾಡಿಕೊಂಡಿದ್ದೇವೆ: ಕೊಯ್ಲಿನ ದಿನ ಸಂಜೆ ಗಂಡಸರೂ ಮೊರದ ಸುತ್ತ ಕೂರಬೇಕು. ಮೊದಮೊದಲು ನಮ್ಮ ವೇಗ ನೋಡಿ ಮಕ್ಕಳು ಕೈತಟ್ಟಿ ನಗುತ್ತಿದ್ದರು. ಈಗ ಅವರಿಗೆ ಸಮಸಮ ಬರುತ್ತೇವೆ.

ಉಳಿದ ಕಾಳುಗಳಿಗೆ ಬೇರೆ ಬೇರೆ ಹೊತ್ತು

ಬಟಾಣಿಯೊಂದೇ ಸುಲಿಯುವ ಕಾಳಲ್ಲ. ಅದರ ನೆಂಟರಾದ ಅವರೆ, ತೊಗರಿ, ಅಲಸಂದೆಗಳನ್ನು ಹೊತ್ತು ನೋಡಿ ಹಂಚಿಕೊಂಡರೆ ಕೈಗೆ ಹೊರೆಯಾಗುವುದಿಲ್ಲ.

ಅವರೆಯ ಹಳೆಯ ಜಾತಿಗಳು ಹಗಲು ಕಿರಿದಾದಾಗ ಮಾತ್ರ ಹೂಬಿಡುವಂಥವು. ಬಯಲುಸೀಮೆಯವರು ಮುಂಗಾರಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಹಾಕಿದರೂ ಕಾಯಿ ಬರುವುದು ಡಿಸೆಂಬರಿನ ಚಳಿಯಲ್ಲೇ. ಕಾಯಿಯ ಮೈಮೇಲಿನ ಆ ಜಿಡ್ಡು, ಆ ಸೊಗಡು ಆಗಿನದೇ. ಆದರೆ ನಮಗೆ ಆ ಹೊತ್ತು ಕಾಫಿ ಕೊಯ್ಲಿನ ನಡುಮಧ್ಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 3 ಮತ್ತು 4 ಎಂಬ ತಳಿಗಳು ಹಗಲಿನ ಉದ್ದ ನೋಡುವುದಿಲ್ಲ. ಯಾವಾಗ ಬಿತ್ತಿದರೂ ಎರಡೂವರೆಯಿಂದ ಮೂರು ತಿಂಗಳಲ್ಲಿ ಕಾಯಿ ಕೊಡುತ್ತವೆ. ಭತ್ತದ ಕೊಯ್ಲಾದ ಗದ್ದೆಯಲ್ಲಿ ಡಿಸೆಂಬರ್ ಕೊನೆಗೆ ಇವನ್ನು ಬಿತ್ತಿದರೆ ಮಾರ್ಚಿನಲ್ಲಿ ಕಾಯಿ ಬರುತ್ತದೆ. ಆಗ ಅಡಿಕೆ ಸುಲಿತವೂ ಮುಗಿದಿರುತ್ತದೆ, ಕೈಯೂ ಬಿಡುವು. ಬೇಸಿಗೆಯ ಕಾಯಿಗೆ ಚಳಿಗಾಲದ ಸೊಗಡಿಲ್ಲ ಎಂಬುದನ್ನು ಒಪ್ಪಬೇಕು. ಸೊಗಡಿಗಾಗಿ ಬೇಲಿಯ ಮೇಲೆ ಹಳೆಯ ಜಾತಿಯ ನಾಲ್ಕು ಬಳ್ಳಿ ಇದ್ದೇ ಇರಲಿ.

ಅಲಸಂದೆಯನ್ನು ಅದೇ ಗದ್ದೆಯ ಉಳಿದ ತೇವದಲ್ಲಿ ಹಾಕಬಹುದು. ಎಳೆಯ ಕಾಯಿಯನ್ನು ಮುರಿದು ಪಲ್ಯ ಮಾಡಿ, ಉಳಿದದ್ದನ್ನು ಗಿಡದಲ್ಲೇ ಒಣಗಲು ಬಿಡಿ. ಒಣಗಿದ್ದನ್ನು ಗೋಣಿಚೀಲದಲ್ಲಿ ತುಂಬಿ ಕೋಲಿನಿಂದ ಬಡಿದು ಕೇರಿದರೆ ಆಯಿತು, ಉಗುರಿಗೆ ಕೆಲಸವಿಲ್ಲ. ಎಳೆಯ ಅಡಿಕೆ ತೋಟದ ಸಾಲುಗಳ ನಡುವೆ, ನೆರಳು ಕವಿಯುವವರೆಗೆ, ಮಣ್ಣಿನ ಹೊದಿಕೆಯಾಗಿಯೂ ಇದು ಒಳ್ಳೆಯದು.

ತೊಗರಿಯನ್ನು ನೀರು ನಿಲ್ಲದ ಬದುವಿನ ಮೇಲೆ ಹತ್ತಿಪ್ಪತ್ತು ಗಿಡ ಹಾಕಿದರೆ ಸಾಕು. ಅದರ ಹಸಿಕಾಳು ಸುಲಿಯುವುದು ಎಲ್ಲಕ್ಕಿಂತ ಕಷ್ಟ. ಹಿರಿಯರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಕಾಯಿಯನ್ನು ಇಡಿಯಾಗಿ ಉಪ್ಪುನೀರಿನಲ್ಲಿ ಬೇಯಿಸಿ ತಟ್ಟೆಗೆ ಸುರಿದರೆ ತಿನ್ನುವವರೇ ಬಿಡಿಸಿಕೊಂಡು ತಿನ್ನುತ್ತಾರೆ. ಸಂಕ್ರಾಂತಿಯಲ್ಲಿ ಅವರೆಕಾಯಿಯನ್ನು ಗೆಣಸಿನೊಂದಿಗೆ ಬೇಯಿಸಿಡುವುದೂ ಹೀಗೆಯೇ. ಸುಲಿತದ ಕೂಲಿ ತಿನ್ನುವವರ ಪಾಲಿಗೆ!

ಸುಲಿಯುವ ರೀತಿ

ಬಟಾಣಿ ಕಾಯಿ ತುಂಬಿರಬೇಕು, ಆದರೆ ಸಿಪ್ಪೆಯ ಹೊಳಪು ಮಾಸಿರಬಾರದು. ಸಿಪ್ಪೆ ಮಂಕಾಗಿ, ಬಲೆಯಂಥ ಗೆರೆ ಮೂಡಿದರೆ ಒಳಗೆ ಹಿಟ್ಟು ಕಟ್ಟಿದೆ ಎಂದೇ ಅರ್ಥ. ಬುಡದ ಕಾಯಿ ಮೊದಲು ಬಲಿಯುತ್ತದೆ, ಅಲ್ಲಿಂದ ಮೇಲಕ್ಕೆ ಕೊಯ್ಯಬೇಕು. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದು ಕೈಯಲ್ಲಿ ಕೀಳಿ. ಇಲ್ಲದಿದ್ದರೆ ಬಳ್ಳಿಯೇ ಕಿತ್ತು ಬರುತ್ತದೆ.

ಸುಲಿಯುವಾಗ ಉಗುರಿನಿಂದ ಸೀಳಬೇಡಿ. ತೊಟ್ಟನ್ನು ಮುರಿದು ನಾರನ್ನು ಕೆಳಕ್ಕೆ ಎಳೆದು, ಅಂಚನ್ನು ಹೆಬ್ಬೆರಳಿನ ಮೆತ್ತೆಯಿಂದ ಒತ್ತಿದರೆ ಕಾಯಿ ತಾನೇ ಬಾಯಿ ಬಿಡುತ್ತದೆ. ಅವರೆಯ ಜಿಡ್ಡಿಗೆ ಕೈ ಕಪ್ಪಾಗುತ್ತದೆ. ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡರೆ ತೊಳೆಯುವುದು ಸುಲಭ. ಹಿತಕಿದ ಬೇಳೆ ಮಾಡುವುದಾದರೆ ಸುಲಿದ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಚಿಮ್ಮುತ್ತದೆ. ಇದು ಎರಡನೆಯ ಸುಲಿತ. ಹಿತಕಿದ ಬೇಳೆ ಸಾರು ಮಾಡಿ ಎನ್ನುವ ಮೊದಲು ನೆನಪಿರಲಿ, ಹಿತಕಲು ನಾವೂ ಕೂರಬೇಕು.

ಹೆಚ್ಚಾದ ಬಟಾಣಿಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ, ನೀರು ಬಸಿದು ಆರಿಸಿ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಹಸಿರಾಗಿಯೇ ಉಳಿಯುತ್ತದೆ. ಸಿಪ್ಪೆ ದನಕ್ಕೆ ಹಾಕುವ ಮೊದಲು ಒಂದು ಹಿಡಿ ಎಳೆಯ ಸಿಪ್ಪೆಯನ್ನು ಕುದಿಸಿ ಸೋಸಿದ ನೀರನ್ನು ಸಾರಿಗೆ ಬಳಸಿ ನೋಡಿ, ಒಳ್ಳೆಯ ರುಚಿ ಕೊಡುತ್ತದೆ.

ಊಟದಲ್ಲಿ

ನಮ್ಮ ಮುಖ್ಯ ಆಹಾರ ಅಕ್ಕಿ. ಅಕ್ಕಿಯ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ಕಾಳಿನಲ್ಲಿ ಕೊರತೆಯಿರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಅಕ್ಕಿರೊಟ್ಟಿಗೆ ಅವರೆಕಾಳು ಹಾಕಿ ತಟ್ಟುವುದು, ಕಡುಬಿಗೆ ಕಾಳಿನ ಸಾರು ಮಾಡುವುದು ಬರಿಯ ರುಚಿಗಲ್ಲ ಎಂದಾಯಿತು.

ಎಳೆಯ ಬಟಾಣಿಗೆ ಹೆಚ್ಚು ಬೆಂಕಿ ಬೇಡ. ಒಗ್ಗರಣೆಯಲ್ಲಿ ತಿರುವಿ, ಕೈ ನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಟ್ಟು, ಕಾಯಿತುರಿ ಉದುರಿಸಿದರೆ ಪಲ್ಯ ಸಿದ್ಧ. ಸ್ವಲ್ಪ ಬಲಿತದ್ದು ಉಪ್ಪಿಟ್ಟಿಗೆ, ಸಾಗುವಿಗೆ. ಪೂರ್ತಿ ಬಲಿತದ್ದನ್ನು ಒಣಗಿಸಿಟ್ಟು ಮಳೆಗಾಲದಲ್ಲಿ ಉಸಲಿ ಮಾಡಿ. ಬಳ್ಳಿಯ ಎಳೆಯ ಕುಡಿಯನ್ನು ಚಿವುಟಿ ಸೊಪ್ಪಿನಂತೆ ಬೇಯಿಸಬಹುದು. ಹೀಗೆ ನೋಡಿದರೆ ಕೈ ತಪ್ಪಿ ಬಲಿತ ಕಾಯಿಯೂ ನಷ್ಟವಲ್ಲ. ಅದು ಬೇರೆ ಅಡುಗೆಗೆ ಹೋಯಿತು ಎಂದಷ್ಟೇ.

ನಾಲ್ಕು ಎಚ್ಚರಿಕೆ

ಒಂದು: ತೋಟದ ಬಂಗಲೆಗಳ ಮುಂದೆ ಚಂದಕ್ಕೆ ಬೆಳೆಸುವ ಸ್ವೀಟ್ ಪೀ ಎಂಬ ಪರಿಮಳದ ಹೂಬಳ್ಳಿಯ ಕಾಯಿ ಬಟಾಣಿಯಂತೆಯೇ ಕಾಣುತ್ತದೆ. ಅದು ವಿಷ. ಮಕ್ಕಳಿಗೆ ತಿಳಿಸಿ ಹೇಳಿ.

ಎರಡು: ಅಂಗಡಿಯಿಂದ ತಂದ ಬಣ್ಣ ಹಚ್ಚಿದ ಬಿತ್ತನೆ ಬೀಜಕ್ಕೆ ಔಷಧಿ ಸವರಿರುತ್ತಾರೆ. ಉಳಿದರೆ ಅಡುಗೆಮನೆಗೂ ಒಯ್ಯಬಾರದು, ಕೋಳಿಗೂ ಹಾಕಬಾರದು.

ಮೂರು: ಒಣಗಿದ ಅವರೆಕಾಳನ್ನು, ಅದರಲ್ಲೂ ಕಪ್ಪು ಬಣ್ಣದ್ದನ್ನು, ಹಸಿಯಾಗಿ ತಿನ್ನಬಾರದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಕುದಿಸಿಯೇ ತಿನ್ನಬೇಕು.

ನಾಲ್ಕು: ಪೇಟೆಯ ಒಣ ಹಸಿರು ಬಟಾಣಿ ಕಣ್ಣು ಕುಕ್ಕುವಷ್ಟು ಹಸಿರಾಗಿದ್ದರೆ ಒಂದು ಹಿಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ. ನೀರಿಗೆ ಬಣ್ಣ ಬಿಟ್ಟರೆ ಅದು ಹಚ್ಚಿದ ಬಣ್ಣ, ತಿನ್ನಬೇಡಿ.

ಬೀಜ ಮನೆಯದೇ ಇರಲಿ

ಬಟಾಣಿಯ ಹೂವು ಅರಳುವ ಮೊದಲೇ ತನ್ನೊಳಗೇ ಪರಾಗ ಕೂಡಿಸಿಕೊಳ್ಳುತ್ತದೆ. ಆದ್ದರಿಂದ ಎರಡು ಜಾತಿ ಅಕ್ಕಪಕ್ಕ ಇದ್ದರೂ ಬೀಜ ಬೆರೆಯುವುದು ಅಪರೂಪ. ಚೆನ್ನಾಗಿ ಬಂದ ಹತ್ತು ಗಿಡಗಳಿಗೆ ದಾರ ಕಟ್ಟಿ, ಅವುಗಳ ಕಾಯಿ ಕೊಯ್ಯದೆ ಗಿಡದಲ್ಲೇ ಒಣಗಲು ಬಿಡಿ. ಬೀಜವನ್ನು ಬಿಸಿಲಿಗೆ ಹಾಕಿ, ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯುವಷ್ಟು ಒಣಗಿಸಿ. ನಮ್ಮ ಮಳೆಗಾಲದ ತೇವದಲ್ಲಿ ಕಾಳು ಕೊರೆಯುವ ದುಂಬಿ ಬಿಡುವುದಿಲ್ಲ. ಬೂದಿಯಲ್ಲಿ ಬೆರೆಸಿ ಬಿಗಿಮುಚ್ಚಳದ ಡಬ್ಬದಲ್ಲಿಡಿ. ತಿನ್ನುವ ಅಲಸಂದೆ ಕಾಳಿಗಾದರೆ ಕಿಲೋಗೆ ಒಂದು ಟೀ ಚಮಚ ಅಡುಗೆ ಎಣ್ಣೆ ಸವರಿದರೆ ದುಂಬಿಯ ಮೊಟ್ಟೆ ಬೆಳೆಯುವುದಿಲ್ಲ.

ಬಂಧುಗಳೆ, ಕಾಫಿಯ ಧಾರಣೆಯಾಗಲಿ ಅಡಿಕೆಯ ಧಾರಣೆಯಾಗಲಿ ನಮ್ಮ ಕೈಯಲ್ಲಿಲ್ಲ. ಹಿತ್ತಿಲಿನ ಒಂದು ಗುಂಟೆ ನಮ್ಮ ಕೈಯಲ್ಲಿದೆ. ಅದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಪೇಟೆಯ ಚೀಲದ ಭಾರ ಇಳಿಯುತ್ತದೆ, ಮಕ್ಕಳ ತಟ್ಟೆಗೆ ಒಳ್ಳೆಯ ಕಾಳು ಬೀಳುತ್ತದೆ. ಈ ಸಲ ಬೀಜ ಹಾಕುವ ಮೊದಲು ಒಂದು ಸಂಜೆ ಮನೆಯವರೆಲ್ಲರೂ ಕೂತು, ಸುಲಿಯುವವರು ಯಾರು, ಯಾವ ಹೊತ್ತಿಗೆ, ಎಷ್ಟು ಎಂದು ಕೇಳಿಕೊಳ್ಳಿ. ಆ ಉತ್ತರ ಬಂದ ಮೇಲೆ ಗುದ್ದಲಿ ಹಿಡಿಯಿರಿ.

ನಮ್ಮ ಮನೆಯಲ್ಲಿ ಸಿಪ್ಪೆಸಮೇತ ತಿನ್ನುವ ಬಟಾಣಿಯ ಬೀಜ ಸ್ವಲ್ಪ ಉಳಿದಿದೆ. ಸಂಘದ ಮುಂದಿನ ಸಭೆಗೆ ಬರುವಾಗ ತರುತ್ತೇವೆ. ಬೇಕಾದವರು ಒಂದೊಂದು ಹಿಡಿ ಒಯ್ಯಬಹುದು. ಮುಂದಿನ ವರ್ಷ ಒಂದು ಹಿಡಿ ಇನ್ನೊಬ್ಬರಿಗೆ ಕೊಟ್ಟರೆ ಸಾಕು.